ತೆಗೆಸುವುದೋ, ಬದಲಿಸುವುದೋ?

ವಿಜ್ಞಾನದ ಪಾಠದಲ್ಲಿ 'ಸಸ್ತನಿಗಳು' ಅಂತ ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುವ ನಾವು, ಸ್ಟಾಫ್ ರೂಮಿಗೆ ಬಂದ ಮೇಲೆ ಅದೇ ಪದವನ್ನು ಬಾಯಿಬಿಟ್ಟು ಹೇಳುವುದಿಲ್ಲ. "ಅವರಿಗೆ ಎದೆ ಆಪರೇಷನ್ ಅಂತೆ" ಎಂದು ಪಿಸುಗುಟ್ಟಿ ಸುಮ್ಮನಾಗುತ್ತೇವೆ. ಇವತ್ತು ಸ್ವಲ್ಪ ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ನಮ್ಮ ಶಾಲೆಗಳ ಅಕ್ಕತಂಗಿಯರು, ತಾಯಂದಿರು ಓದಲಿ ಅಂತ.

2012ರಲ್ಲಿ ಸ್ತನ ಕ್ಯಾನ್ಸರಿಗೆ ಬೆಂಗಳೂರಿನಲ್ಲಿ ನನ್ನ ಬಲಗಡೆಯ ಸ್ತನ ತೆಗೆದರು. ನಂತರ ಕರೆಂಟು ಕೊಟ್ಟರು. ನಮ್ಮ ಕಡೆ ರೇಡಿಯೇಷನ್ನಿಗೆ ಎಲ್ಲರೂ ಹಾಗೇ ಹೇಳುವುದು. ತೆಗೆದ ಜಾಗದಲ್ಲಿ ಸಿಲಿಕೋನ್ ಇಂಪ್ಲಾಂಟ್ ಇಟ್ಟರು. ಅದು ನನಗೆ ಉಪಕಾರವನ್ನೇ ಮಾಡಿತು. ಮತ್ತೆ ತರಗತಿಗೆ ಹೋಗಿ ಮಕ್ಕಳ ಎದುರು ನಿಲ್ಲುವ ಧೈರ್ಯ ಕೊಟ್ಟಿತು.

ಹನ್ನೆರಡು ವರ್ಷ ಕಳೆಯುವ ಹೊತ್ತಿಗೆ ಅದು ಕಲ್ಲಿನ ಹಾಗೆ ಗಟ್ಟಿಯಾಯಿತು. ಬೋರ್ಡಿನ ಮೇಲ್ತುದಿಯಲ್ಲಿ ದಿನಾಂಕ ಬರೆಯಲು ಕೈ ಎತ್ತಿದರೆ ನೋವು. ಡಾಕ್ಟರು ವಿವರಿಸಿದರು: ಹೊರಗಿನ ವಸ್ತು ಒಳಗೆ ಬಂದರೆ ದೇಹ ಅದರ ಸುತ್ತ ಒಂದು ಪೊರೆ ಕಟ್ಟುತ್ತದೆ. ಇದು ಎಲ್ಲರಿಗೂ ಆಗುವುದೇ. ಕೆಲವರಲ್ಲಿ ಆ ಪೊರೆ ಬಿಗಿದುಕೊಂಡು ಇಂಪ್ಲಾಂಟನ್ನು ಹಿಂಡುತ್ತದೆ. ಕರೆಂಟು ಕೊಟ್ಟ ಜಾಗದಲ್ಲಿ ಹೀಗಾಗುವ ಸಂಭವ ಹೆಚ್ಚು. ಇಂಪ್ಲಾಂಟ್ ಜೀವನಪೂರ್ತಿ ಬಾಳುವ ವಸ್ತುವಲ್ಲ, ವರ್ಷ ಕಳೆದಂತೆ ತೊಂದರೆಯ ಸಾಧ್ಯತೆ ಏರುತ್ತದೆ ಅಂತಲೂ ಹೇಳಿದರು.

"ತೆಗೆಸಬಹುದು, ಬದಲಿಸಬಹುದು, ತಡೆದುಕೊಳ್ಳುವಷ್ಟೇ ನೋವಿದ್ದರೆ ಹಾಗೇ ಬಿಡಬಹುದು. ನೀವೇ ಯೋಚನೆ ಮಾಡಿ ಹೇಳಿ ಟೀಚರ್" ಅಂದರು. ಪರೀಕ್ಷೆಯಲ್ಲಿ ಮಕ್ಕಳಿಗೆ ಆಯ್ಕೆಯ ಪ್ರಶ್ನೆ ಕೊಡುವವಳಿಗೇ ಈಗ ಮೂರು ಆಯ್ಕೆ!

ಮನೆಯಲ್ಲಿ ಚರ್ಚೆ ಶುರುವಾಯಿತು. ಅತ್ತೆ, "ಈ ವಯಸ್ಸಿನಲ್ಲಿ ಮತ್ತೆ ಯಾಕಮ್ಮ ಕತ್ತರಿ?" ಅಂದರು. ಮಗಳು ಮೊಬೈಲಿನಲ್ಲಿ ಓದಿ ಹೆದರಿಕೊಂಡಳು. ಅವಳು ಓದಿದ್ದು ಸುಳ್ಳೇನಲ್ಲ. ಫ್ರಾನ್ಸಿನ ಪಿಐಪಿ ಎಂಬ ಕಂಪನಿ ವೈದ್ಯಕೀಯ ಸಿಲಿಕೋನ್ ಬದಲು ಕಾರ್ಖಾನೆಗಳಲ್ಲಿ ಬಳಸುವ ಅಗ್ಗದ ಸಿಲಿಕೋನ್ ತುಂಬಿದ್ದು 2010ರಲ್ಲಿ ಬಯಲಾಯಿತು. 2013ರಲ್ಲಿ ಅದರ ಸ್ಥಾಪಕನಿಗೆ ನಾಲ್ಕು ವರ್ಷ ಜೈಲು ಶಿಕ್ಷೆ ಆಯಿತು. 2019ರ ಜುಲೈನಲ್ಲಿ ಅಮೆರಿಕದ ಎಫ್‌ಡಿಎ ಕೇಳಿದ ಮೇಲೆ ಅಲರ್ಗನ್ ಕಂಪನಿ ತನ್ನ ಒಂದು ಬಗೆಯ ಒರಟು ಮೈಯ ಇಂಪ್ಲಾಂಟುಗಳನ್ನು ವಾಪಸು ಪಡೆಯಿತು. ಅವುಗಳ ಸುತ್ತಲಿನ ಪೊರೆಯಲ್ಲಿ ಅಪರೂಪದ ಲಿಂಫೋಮಾ ಎಂಬ ಕ್ಯಾನ್ಸರ್ ಕಾಣಿಸಿಕೊಂಡಿತ್ತು. ಆದರೆ ಏನೂ ತೊಂದರೆಯಿಲ್ಲದವರು ಹೆದರಿ ತೆಗೆಸಬೇಕಾಗಿಲ್ಲ ಅಂತಲೂ ಎಫ್‌ಡಿಎ ಆಗಲೇ ಹೇಳಿತ್ತು. ಮಗಳು ಆ ಸಾಲನ್ನು ಓದಿರಲಿಲ್ಲ. ಪುಟ ಪೂರ್ತಿ ಓದು ಅಂತ ನಾವು ಮಕ್ಕಳಿಗೆ ಹೇಳುವುದು ಇದಕ್ಕೇ ಅಲ್ಲವೇ!

ಬದಲಿಸಿದರೆ ಆಕಾರ ಉಳಿಯುತ್ತದೆ, ಆದರೆ ಕರೆಂಟು ತಿಂದ ಚರ್ಮದಲ್ಲಿ ಹೊಸದೂ ಗಟ್ಟಿಯಾಗಬಹುದು. ಹೊಟ್ಟೆಯ ಅಥವಾ ಬೆನ್ನಿನ ಮಾಂಸ ತಂದು ಕಟ್ಟುವ ವಿಧಾನವೂ ಇದೆ. ಅದು ದೊಡ್ಡ ಆಪರೇಷನ್, ಎರಡು ಕಡೆ ಗಾಯ, ಹೆಚ್ಚು ದಿನ ರಜೆ. ಪೊರೆಯ ಸಮೇತ ತೆಗೆಸಿ ಸಮತಟ್ಟಾಗಿ ಹೊಲಿಸಿಕೊಂಡರೆ ಇಂಪ್ಲಾಂಟಿನ ಚಿಂತೆ ಅಲ್ಲಿಗೆ ಮುಗಿಯುತ್ತದೆ, ಆದರೆ ಕನ್ನಡಿಯ ಮುಂದೆ ನಿಲ್ಲುವುದನ್ನು ಮತ್ತೆ ಕಲಿಯಬೇಕು.

ಇದನ್ನು ಶೋಕಿ ಅನ್ನುವವರೂ ಇದ್ದಾರೆ. 2018ರಲ್ಲಿ ಚೆನ್ನೈನ ಸ್ಟಾನ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಬಡವರಿಗೆ ಉಚಿತವಾಗಿ ಇಂಪ್ಲಾಂಟ್ ಇಡುತ್ತಾರೆ ಎಂಬ ಸುದ್ದಿ ಬಂದಾಗ ಎಷ್ಟೋ ಜನ ನಕ್ಕರು. ನನಗೆ ನಗು ಬರಲಿಲ್ಲ. ಹಣವಿದ್ದವರಿಗೆ ಸಿಗುವುದು ಇಲ್ಲದವರಿಗೂ ಸಿಗಲಿ. ಆದರೆ ಇಡುವ ದಿನವೇ, ಮುಂದೆ ತೆಗೆಯುವ ದಿನವೂ ಬರಬಹುದು, ಅದಕ್ಕೂ ಖರ್ಚಿದೆ ಅಂತ ಅವರವರ ಭಾಷೆಯಲ್ಲಿ ತಿಳಿಸಬೇಕು. ನಾನು ಸಹಿ ಹಾಕಿದ ಕಾಗದ ಇಂಗ್ಲಿಷಿನಲ್ಲಿತ್ತು. ವಿವರಿಸಿದ ನರ್ಸಮ್ಮ ತಮಿಳಿನವರು. ಗಡಿಯಲ್ಲಿ ಬಾಳುವ ನಾವು ಮೂರು ಭಾಷೆ ಹೇಗೋ ನಿಭಾಯಿಸುತ್ತೇವೆ. ತಳಿ, ಡೆಂಕಣಿಕೋಟೆ ಹಳ್ಳಿಗಳಿಂದ ಬರುವ ಕನ್ನಡ ಮಾತ್ರ ಬಲ್ಲ ಅಜ್ಜಿಯರು ಏನು ಮಾಡಬೇಕು?

ನಾನು ತೆಗೆಸುವುದೆಂದು ತೀರ್ಮಾನಿಸಿದೆ, ಹೊಸದು ಬೇಡ. ನನಗೆ ಬೇಕಿದ್ದದ್ದು ನೋವಿಲ್ಲದೆ ಮೇಲೇಳುವ ಕೈ. ಸೀರೆಯ ಸೆರಗು ಉಳಿದದ್ದನ್ನು ನೋಡಿಕೊಳ್ಳುತ್ತದೆ. ಬೇಕೆನಿಸಿದ ದಿನ ಬ್ರಾ ಒಳಗೆ ಇಟ್ಟುಕೊಳ್ಳುವ ಸಿಲಿಕೋನಿನ ಅಥವಾ ನೂಲಿನಲ್ಲಿ ಹೆಣೆದ ಕೃತಕ ಸ್ತನಗಳಿವೆ. ನಮ್ಮ ಮನೆಯವರು, "ನಿನಗೆ ನೋವು ಹೋದರೆ ಸಾಕು" ಅಂದರು. ಅಷ್ಟೇ ಮಾತು, ಆದರೆ ಅದು ಬೇಕಾಗಿತ್ತು.

ಇದು ನನ್ನ ಉತ್ತರ, ನಿಮ್ಮದಲ್ಲ. ನೋವಿಲ್ಲದ, ಮೂವತ್ತೈದರ ಇನ್ನೊಬ್ಬ ಟೀಚರ್ ಬದಲಿಸಿಕೊಂಡರೆ ಅದೂ ಸರಿಯೇ. ಯಾರೂ ಹೀಯಾಳಿಸಬೇಡಿ.

ಇಂಪ್ಲಾಂಟ್ ಇರುವವರಿಗೆ ಎರಡು ಮಾತು. ಆಸ್ಪತ್ರೆಯವರು ಕೊಟ್ಟ ಇಂಪ್ಲಾಂಟ್ ಕಾರ್ಡನ್ನು ರೇಷನ್ ಕಾರ್ಡಿನ ಜೊತೆ ಜೋಪಾನವಾಗಿಡಿ. ಕಂಪನಿ, ಮಾದರಿ, ನಂಬರು ಎಲ್ಲ ಅದರಲ್ಲಿರುತ್ತದೆ. ಸಿಲಿಕೋನ್ ಒಡೆದರೂ ಕೆಲವೊಮ್ಮೆ ಗೊತ್ತಾಗುವುದಿಲ್ಲ. ಅದಕ್ಕೇ ಐದಾರು ವರ್ಷಕ್ಕೊಮ್ಮೆ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸಿ ಅಂತ ಎಫ್‌ಡಿಎ 2020ರಲ್ಲಿ ಸಲಹೆ ಕೊಟ್ಟಿದೆ. ಊತ, ಗಂಟು, ನೋವು, ಆಕಾರದಲ್ಲಿ ಬದಲಾವಣೆ ಕಂಡರೆ ಶಾಲೆಯ ರಜೆ ಬರುವ ತನಕ ಕಾಯಬೇಡಿ.