ನಾಲ್ಕು ಪುರುಷಾರ್ಥ, ನಾಲ್ಕಾರು ಹಾಡು

ಧರ್ಮ, ಅರ್ಥ, ಕಾಮ, ಮೋಕ್ಷ! ಈ ನಾಲ್ಕು ಮಾತು ಕಣ್ಣಿಗೆ ಬಿದ್ದ ಕೂಡಲೇ ಪುಟ ತಿರುವಿ ಬಣ್ಣದ ಚಿತ್ರಗಳ ಕಡೆ ಹೋಗಿಬಿಡಬೇಡಿ, ಓದುಗ ಮಿತ್ರರೇ. ನಾನು ಪುರಾಣ ಹೇಳಲು ಕೂತಿಲ್ಲ. ವಿಷಯ ಸಿನಿಮಾ ಹಾಡಿನದ್ದೇ. ನಮ್ಮ ಸಿರವಾರದ ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ನಿಂತು ನೋಡಿ. ಚಹಾದಂಗಡಿಯಲ್ಲೊಂದು ಹಾಡು, ಹೊರಡಲು ನಿಂತ ಟಂಟಂನಲ್ಲೊಂದು ಹಾಡು, ಭತ್ತದ ಚೀಲ ಹೇರಿಕೊಂಡ ಟ್ರ್ಯಾಕ್ಟರಿನಲ್ಲಿ ಮತ್ತೊಂದು. ಮನುಷ್ಯ ಯಾತಕ್ಕಾಗಿ ಬದುಕಬೇಕು ಎಂಬ ಪ್ರಶ್ನೆಗೆ ಹಿರಿಯರು ಕೊಟ್ಟ ನಾಲ್ಕೂ ಉತ್ತರ ಅಷ್ಟರಲ್ಲೇ ನಿಮ್ಮ ಕಿವಿಗೆ ಬಿದ್ದಿರುತ್ತವೆ!

ನಮ್ಮೂರಿನ ನಿವೃತ್ತ ಮಾಸ್ತರರೊಬ್ಬರು ಇದನ್ನು ಒಪ್ಪುವವರಲ್ಲ. “ತಮ್ಮಾ, ನಿಮ್ಮ ಪಿಚ್ಚರ್ ಹಾಡಿನ್ಯಾಗ ಕಾಮ ಒಂದೇ ಐತಿ. ಉಳಿದ ಮೂರು ಬೇಕಂದ್ರ ಮಾನ್ವಿ ಕಡೆ ನೋಡು” ಅನ್ನುತ್ತಾರೆ. ಅವರ ಮಾತಿಗೂ ತೂಕವಿದೆ. ನಮ್ಮದು ದಾಸರ ಸೀಮೆ. ವಿಜಯದಾಸರ ಚೀಕಲಪರವಿ ಮಾನ್ವಿಯ ಕಡೆ, ಗೋಪಾಲದಾಸರ ಮೊಸರಕಲ್ಲು ದೇವದುರ್ಗದ ಕಡೆ. ‘ಹರಿಕಥಾಮೃತಸಾರ’ ಬರೆದ ಜಗನ್ನಾಥದಾಸರು ನೆಲೆಸಿದ್ದು ಮಾನ್ವಿಯಲ್ಲೇ. ಆದರೆ ನಾನು ಕೇಳುವುದಿಷ್ಟೇ: ದಾಸರು ತಂಬೂರಿ ಹಿಡಿದು, ಗೆಜ್ಜೆ ಕಟ್ಟಿ ಬೀದಿಗೆ ಬಂದು ಕನ್ನಡದಲ್ಲಿ ಹಾಡಿದ್ದು ಯಾಕೆ? ಸಂಸ್ಕೃತ ಬಾರದವರ ಕಿವಿಗೂ ಬೀಳಲಿ ಎಂದಲ್ಲವೇ? ಆ ಕಾಲಕ್ಕೆ ಜನರ ಬಾಯಲ್ಲಿ ಆಡುತ್ತಿದ್ದ ಹಾಡು ಅದೇ. ಕನ್ನಡ ಚಿತ್ರಗೀತೆ ಬರೆದವರೂ ಆಕಾಶದಿಂದ ಇಳಿದು ಬಂದವರಲ್ಲ. ಹುಣಸೂರು ಕೃಷ್ಣಮೂರ್ತಿಯವರು ರಂಗಭೂಮಿಯಲ್ಲಿ ಪಳಗಿ ಬಂದವರು. ಚಿ. ಉದಯಶಂಕರ್ ಅವರ ತಂದೆ ಚಿ. ಸದಾಶಿವಯ್ಯನವರೂ ಚಿತ್ರಸಾಹಿತಿಯೇ. ಪುರಾಣವನ್ನೂ ದಾಸರ ಪದವನ್ನೂ ಕುಡಿದು ಬೆಳೆದ ಲೇಖನಿ, ಟ್ಯೂನಿಗೆ ಬರೆದರೂ ಹಳೆಯ ಮಾತನ್ನೇ ಬರೆಯುತ್ತದೆ.

ಮೊದಲು ಧರ್ಮ. 1965ರ ‘ಸತ್ಯ ಹರಿಶ್ಚಂದ್ರ’ ನೆನಪಿಸಿಕೊಳ್ಳಿ. ಕುಲದ ಮೇಲು-ಕೀಳು ಎಲ್ಲಿದೆ ಎಂದು ಕೇಳುವ ಆ ಹಾಡನ್ನು ಹಾಡುವವರು ಯಾರು? ಋಷಿಯಲ್ಲ, ಮಂತ್ರಿಯಲ್ಲ. ಸುಡುಗಾಡಿನ ಒಡೆಯ ವೀರಬಾಹು! ಪಾತ್ರದಲ್ಲಿ ಎಂ.ಪಿ. ಶಂಕರ್, ಕಂಠ ಘಂಟಸಾಲರದು. ಧರ್ಮದ ಮಾತನ್ನು ಊರ ಹೊರಗೆ ನಿಂತವನ ಬಾಯಿಂದ ಆಡಿಸಿದ ಜಾಣ್ಮೆ ಅದು. ಇನ್ನು 1971ರ ‘ಕಸ್ತೂರಿ ನಿವಾಸ’. ಕೊಟ್ಟು ಕೊಟ್ಟು ಬರಿದಾದ ಬೆಂಕಿಪೊಟ್ಟಣದ ಕಾರ್ಖಾನೆಯ ಒಡೆಯ, ಉರುಳಿಸಿದರೂ ಎದ್ದು ನಿಲ್ಲುವ ಗೊಂಬೆ... ಆ ಗೊಂಬೆ 46 ವರ್ಷದ ನಂತರ 2017ರ ‘ರಾಜಕುಮಾರ’ ಚಿತ್ರದಲ್ಲಿ, ವಿಜಯ್ ಪ್ರಕಾಶ್ ದನಿಯಲ್ಲಿ ಮತ್ತೆ ಮಾತಾಡಿತು. 2021ರ ಅಕ್ಟೋಬರ್ 29ರಂದು ಅಪ್ಪು ನಮ್ಮನ್ನು ಬಿಟ್ಟು ಹೋದ ಮೇಲೆ ಆ ಹಾಡನ್ನು ಒಣ ಕಣ್ಣಿನಿಂದ ಕೇಳಿದವರು ನಮ್ಮೂರಲ್ಲಿ ಕಡಿಮೆ.

ಎರಡನೆಯದು ಅರ್ಥ. ಅರ್ಥವೆಂದರೆ ಬರೀ ರೊಕ್ಕವಲ್ಲ, ಧರ್ಮ ಮೀರದೆ ಗಳಿಸಿದ ರೊಕ್ಕ. 1972ರ ‘ಬಂಗಾರದ ಮನುಷ್ಯ’ದಲ್ಲಿ ಕಲ್ಲುನೆಲ ಹಸನು ಮಾಡುವಾಗಿನ ಹಾಡಿದೆಯಲ್ಲ? ಆರ್.ಎನ್. ಜಯಗೋಪಾಲ್ ರಚನೆ, ಜಿ.ಕೆ. ವೆಂಕಟೇಶ್ ಸಂಗೀತ, ಪಿ.ಬಿ. ಶ್ರೀನಿವಾಸ್ ಗಾಯನ. ನಮ್ಮಪ್ಪ ರೆಂಟೆ ಹೊಡೆಯುವಾಗ ಅದನ್ನೇ ಗುನುಗುತ್ತಿದ್ದ. ಚಿತ್ರದ ರಾಜೀವನಿಗೆ ಕಲ್ಲು ಅಡ್ಡಿ, ನಮಗೆ ನೀರು! ನಮ್ಮ 3 ಎಕರೆ ಇರುವುದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ. ಮೇಲಿನವರ ಗದ್ದೆ ತುಂಬಿ ಉಳಿದರೆ ನಮಗೆ. ನೀರು ಬಾರದ ವರ್ಷ ಊರಿಗೆ ಊರೇ ಗುಳೆ ಹೋಗುತ್ತದೆ. ನಮ್ಮಣ್ಣ ಬೆಂಗಳೂರಿಗೆ ಸೆಂಟ್ರಿಂಗ್ ಕೆಲಸಕ್ಕೆ ಹೋದದ್ದು ಹಾಗೆಯೇ. ನಾನು ಪಿಯುಸಿ ಅರ್ಧಕ್ಕೆ ಬಿಟ್ಟು ಪೆನ್ನು ಹಿಡಿದೆ.

ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡ. ಬೀಜ-ಗೊಬ್ಬರದ ಅಂಗಡಿಯಲ್ಲಿ 1,40,000 ರೂಪಾಯಿ ಉದ್ರಿ ಇತ್ತು. ಬರೀ ಬಾಯಿಮಾತಿನ ಲೆಕ್ಕ. ಅಣ್ಣ ಹೇಳಿದ: “ಚೀಟಿ ಇಲ್ಲ, ಸಾಕ್ಷಿ ಇಲ್ಲ. ನನ್ನ ಮಗಳ ಸಾಲಿ ಫೀಜು ಕಟ್ಟೋದು ಬಿಟ್ಟು ಇದನ್ಯಾಕ ಕಟ್ಟಬೇಕು?” ಅವನದು ದುರಾಸೆಯ ಮಾತಲ್ಲ, ಮಕ್ಕಳೊಂದಿಗನ ಮಾತು. ಅವ್ವ ಮಾತ್ರ ಒಂದೇ ಮಾತು ಅಂದಳು: “ಚೀಟಿ ಇಲ್ಲಂದ್ರೇನಾತು? ಇಸ್ಕೊಂಡಾವ ನಿಮ್ಮಪ್ಪ ಹೌದಲ್ಲೋ?” ಧರ್ಮಕ್ಕೂ ಅರ್ಥಕ್ಕೂ ಮನೆಯೊಳಗೇ ಜಗಳ ಬಿತ್ತು ನೋಡಿ!

ಮೂರನೆಯದು ಕಾಮ. ಮುಖ ಸಿಂಡರಿಸಬೇಡಿ. ಮೊದಲು ಹೇಳುತ್ತಿದ್ದುದು ಧರ್ಮ, ಅರ್ಥ, ಕಾಮ ಎಂಬ ಮೂರನ್ನೇ, ಮೋಕ್ಷ ಆಮೇಲೆ ಸೇರಿದ್ದು ಎನ್ನುತ್ತಾರೆ ಬಲ್ಲವರು. ವಾತ್ಸ್ಯಾಯನ ‘ಕಾಮಸೂತ್ರ’ದ ಆರಂಭದಲ್ಲಿ ಕೈ ಮುಗಿದದ್ದು ಈ ಮೂರಕ್ಕೂ ಸೇರಿಸಿ. ನಮ್ಮ ಯುಗಳ ಗೀತೆಗಳ ರೀತಿಯೂ ಅದೇ. ರಾಜನ್-ನಾಗೇಂದ್ರ ಸಂಗೀತದ ‘ಎರಡು ಕನಸು’ (1974) ನೋಡಿ. ಪ್ರೀತಿಸಿದವಳು ಒಬ್ಬಳು, ತಾಳಿ ಕಟ್ಟಿಸಿಕೊಂಡವಳು ಇನ್ನೊಬ್ಬಳು. 2006ರ ‘ಮುಂಗಾರು ಮಳೆ’ಯಲ್ಲಿ ಜಯಂತ ಕಾಯ್ಕಿಣಿ ಬರೆದು ಸೋನು ನಿಗಮ್ ಹಾಡಿದ ಗೀತೆಗೆ ಕರ್ನಾಟಕವೇ ನೆನೆಯಿತು, ಆದರೆ ನಾಯಕ ಕೊನೆಗೆ ಹುಡುಗಿಯನ್ನು ಬಿಟ್ಟುಕೊಟ್ಟ. ಆಸೆ ತಪ್ಪಲ್ಲ, ಆಸೆಗೂ ಒಂದು ಲಗಾಮು ಬೇಕು ಎಂದು ಪಾಠ. ನನ್ನ ಕಥೆ ಬಿಡಿ. ಬಿಡಿ ಪತ್ರಕರ್ತನಿಗೆ ಹೆಣ್ಣು ಕೊಡುವ ಧೈರ್ಯವಂತರು ಇನ್ನೂ ಸಿರವಾರಕ್ಕೆ ಬಂದಿಲ್ಲ!

ಕೊನೆಯದು ಮೋಕ್ಷ. ‘ಜೀವನ ಚೈತ್ರ’ (1992) ಚಿತ್ರದಲ್ಲಿ ಹಿಮಾಲಯದ ನಡುವೆ ನಾದವನ್ನೇ ದೇವರೆಂದು ಹಾಡಿದ ಅಣ್ಣಾವ್ರಿಗೆ ರಾಷ್ಟ್ರಪ್ರಶಸ್ತಿ ಬಂತು. ಆದರೆ ನನಗೆ ಮೋಕ್ಷದ ಅರ್ಥ ಹೇಳಿದ್ದು 1974ರ ‘ಭಕ್ತ ಕುಂಬಾರ’. ಮನುಷ್ಯನ ಮೈ ಎಷ್ಟರದು ಎಂದು ಕೇಳುವ, ಪಿ.ಬಿ. ಶ್ರೀನಿವಾಸ್ ಹಾಡಿದ ಹಾಡು. ಅಪ್ಪನ ಹೆಣ ಇಟ್ಟುಕೊಂಡು ರಾತ್ರಿಯಿಡೀ ಭಜನೆ ನಡೆದಿತ್ತು. ತತ್ವಪದ ಆಯಿತು, ದಾಸರ ಪದ ಆಯಿತು. ಬೆಳಗಿನ ಜಾವ ಹಾರ್ಮೋನಿಯಂನವರು ಆ ಚಿತ್ರಗೀತೆಯನ್ನೇ ಎತ್ತಿಕೊಂಡರು. ಇದು ಸಿನಿಮಾದ್ದು ಎಂದು ಯಾರೂ ತಡೆಯಲಿಲ್ಲ. ಮೂಲೆಯಲ್ಲಿ ಕೂತು ತಾಳ ಹಾಕುತ್ತಿದ್ದವರು ಯಾರು ಗೊತ್ತೆ? ಅದೇ ಮಾಸ್ತರರು! ಮೈಯೇ ನಮ್ಮದಲ್ಲ ಅಂದ ಮೇಲೆ ಮುಚ್ಚಿಟ್ಟ ಸಾಲ ಯಾರದು? ಅಣ್ಣ ತಲೆ ತಗ್ಗಿಸಿ ಕೂತಿದ್ದ. ಹಾಡು ಅವನಿಗೂ ಕೇಳಿಸಿತ್ತು.

ಆದರೂ ಹಾಡು ಸಾಲ ತೀರಿಸುವುದಿಲ್ಲ. ಮಾತು ಹರಿಯಲು ಮತ್ತೆ ಒಂದು ವರ್ಷ ಹಿಡಿಯಿತು. ಹೊಲ ಮಾರುವುದು ಬೇಡ, ಸಾಲ ನುಂಗುವುದೂ ಬೇಡ ಎಂದು ಕೊನೆಗೆ ತೀರ್ಮಾನವಾಯಿತು. ಅಣ್ಣ ತಿಂಗಳಿಗೆ 5,000 ಕಳಿಸುತ್ತಾನೆ, ನನ್ನ ಬರಹದ ರೊಕ್ಕದಿಂದ 2,000. ಒಟ್ಟು 20 ಕಂತು. ಈಗ 11 ಮುಗಿದಿವೆ. ಸೊಸೆಯ ಫೀಜು ಬರಿ ಮಾತಲ್ಲಲ್ಲ, ಅದಕ್ಕಾಗಿ ಅತ್ತಿಗೆ ಬೆಂಗಳೂರಲ್ಲಿ ಎರಡು ಮನೆ ಕೆಲಸ ಹೆಚ್ಚಿಗೆ ಹಿಡಿದಿದ್ದಾಳೆ. ಧರ್ಮದ ಬೆಲೆಯನ್ನು ಯಾವಾಗಲೂ ಮನೆಯಲ್ಲಿ ಯಾರಾದರೂ ಒಬ್ಬರು ಬೆವರಿನಲ್ಲಿ ಕಟ್ಟುತ್ತಾರೆ. ಇದನ್ನು ಮಾತ್ರ ಯಾವ ಹಾಡೂ ಇನ್ನೂ ಸರಿಯಾಗಿ ಹೇಳಿಲ್ಲ. ನಮ್ಮ ಚಿತ್ರಸಾಹಿತಿಗಳು ಯಾರಾದರೂ ಬರೆದಾರೇ? ಬರೆದರೆ ಮೊದಲ ಕೇಳುಗಳು ನಮ್ಮ ಅತ್ತಿಗೆ!