ಉಮ್ಮನ ಮೊಣಕಾಲು

ನನ್ನ ಉಮ್ಮನಿಗೆ ಸಕ್ಕರೆ ಕಾಯಿಲೆಯೂ ಇದೆ, ಮೊಣಕಾಲಿನ ಸಂಧಿವಾತವೂ ಇದೆ. ಈ ಎರಡು ಒಂದಕ್ಕೊಂದು ಬಲ ಕೊಡುತ್ತವೆ. ನೋವೆಂದು ಉಮ್ಮ ನಡೆಯುವುದನ್ನು ಬಿಟ್ಟರು. ದಿನವಿಡೀ ಕುಳಿತು ಬೀಡಿ ಕಟ್ಟುವುದಷ್ಟೇ ಉಳಿಯಿತು. ಸಕ್ಕರೆ ಏರಿತು, ತೂಕವೂ ಏರಿತು. ತೂಕದ ಜೊತೆ ನೋವೂ ಹೆಚ್ಚಿತು. ನಮಾಝಿಗೆ ಕುರ್ಚಿ ಬಂತು.

ಚೀಟಿಯಿಲ್ಲದೆ ತರಿಸಿದ ನೋವಿನ ಮಾತ್ರೆಯನ್ನು ಅವರು ದಿನಾ ನುಂಗುತ್ತಿದ್ದರು. ರಕ್ತಪರೀಕ್ಷೆಯ ವರದಿ ನೋಡಿದ ವೈದ್ಯರು ಅದನ್ನು ತಕ್ಷಣ ನಿಲ್ಲಿಸಿದರು. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಕಿಡ್ನಿಗೆ ಮೊದಲೇ ತೊಂದರೆ; ಇಂತಹ ಮಾತ್ರೆಗಳಿಂದ ಇನ್ನಷ್ಟು ಹೊಡೆತ. ಮೊಣಕಾಲಿಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದೂ ಕೆಲವು ದಿನ ಸಕ್ಕರೆ ಏರಿಸುತ್ತದೆಯಂತೆ.

ವೈದ್ಯರು ಹೇಳಿದ ಒಂದು ಲೆಕ್ಕ ನನಗೆ ಹಿಡಿಸಿತು. ತೂಕ 1 ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲೆ ಬೀಳುವ ಭಾರ ಸುಮಾರು 4 ಕೆ.ಜಿ. ಕಡಿಮೆಯಾಗುತ್ತದೆ.

ಈಗ ಉಮ್ಮ ಬೀಡಿ ಕಟ್ಟುವಾಗ ಅರ್ಧ ಗಂಟೆಗೊಮ್ಮೆ ಏಳುತ್ತಾರೆ. ಕುರ್ಚಿಯಲ್ಲಿ ಕುಳಿತು ಒಂದೊಂದೇ ಕಾಲನ್ನು ನೇರ ಚಾಚಿ, 5 ಎಣಿಸುವ ತನಕ ಹಿಡಿಯುತ್ತಾರೆ. ತೊಡೆಯ ಸ್ನಾಯು ಗಟ್ಟಿಯಾದರೆ ಮೊಣಕಾಲಿಗೆ ಆಸರೆ. ಅಸರ್ ನಮಾಝಿನ ಬಳಿಕ ನಾವಿಬ್ಬರೂ ಅಂಗಳದಲ್ಲಿ 10 ನಿಮಿಷ ನಡೆಯುತ್ತೇವೆ. ರಾತ್ರಿ ಊಟದಲ್ಲಿ ಅನ್ನ ಕಡಿಮೆ, ತರಕಾರಿ ಹೆಚ್ಚು. ಸಕ್ಕರೆ ಕಾಯಿಲೆಯಲ್ಲಿ ಪಾದದ ಸ್ಪರ್ಶ ಕುಂದಬಹುದು. ಆದ್ದರಿಂದ ಮಲಗುವ ಮುನ್ನ ಗಾಯವಿದೆಯೇ ಎಂದು ನಾನು ನೋಡುತ್ತೇನೆ.

ನೋವು ಪೂರ್ತಿ ಹೋಗಿಲ್ಲ. ಸವೆದ ಮೃದ್ವಸ್ಥಿ ಮೊದಲಿನಂತಾಗದು. ಆದರೆ ಸಕ್ಕರೆ ಇಳಿದಿದೆ, ಉಮ್ಮ ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲು ಇಳಿಯುತ್ತಾರೆ.

ಗೆಳೆಯರೇ, ನಿಮ್ಮ ಮನೆಯ ಹಿರಿಯರ ಮಾತ್ರೆ ಡಬ್ಬವನ್ನು ಒಮ್ಮೆ ನೋಡಿ. ಚೀಟಿಯಿಲ್ಲದ ಮಾತ್ರೆ ಇದ್ದರೆ ವೈದ್ಯರಿಗೆ ತೋರಿಸಿ.