ಬಲ್ಮಠದ ಮಳೆ



1834ರಲ್ಲಿ ಮಂಗಳೂರನ್ನು ಸೇರಿದ ಬಾಸೆಲ್ ಮಿಶನಿನವರು 1841ರಲ್ಲಿ ಬೆಟಗೇರಿಗೆ ಬಂದರು. ನಾನಾದರೋ ಬೆಟಗೇರಿಯಿಂದ ಹೊರಟು, ಶಿಕ್ಷಕಿಯ ತರಬೇತಿಗಾಗಿ ಆ ಬಂದರು ಪಟ್ಟಣಕ್ಕೆ ಹೋಗಿ, ಬಲ್ಮಠದ ಓಣಿಯೊಂದರಲ್ಲಿ ವಾಸಿಸಿದೆನು.

ಮಣ್ಣಿನ ಮಾಳಿಗೆಯ ಕೆಳಗೆ ಬೆಳೆದವಳಿಗೆ, ಹಂಚಿನ ಮೇಲೆ ಇರುಳೆಲ್ಲ ಸುರಿವ ಮಳೆಯ ಸದ್ದು ಭಯವನ್ನುಂಟುಮಾಡಿತು. “ನನ್ನನ್ನು ಕರೆದೊಯ್ಯಿರಿ” ಎಂದು ತಂದೆಯವರಿಗೆ ಕಾಗದ ಬರೆದೆನು. ಬೆಳಿಗ್ಗೆ ಮನೆಯೊಡತಿ ಅಜ್ಜಿಯವರು ಬಿಸಿ ಗಂಜಿ ಬಡಿಸುತ್ತ, “ಮಳೆಯ ಸದ್ದು ದೊಡ್ಡದು ಮಗಳೇ, ಆದರೆ ಮಾಡು ಗಟ್ಟಿಯುಂಟು” ಎಂದರು. ಕಾಗದವನ್ನು ಟಪಾಲಿಗೆ ಹಾಕಲಿಲ್ಲ.

ಅದು ಇಂದಿಗೂ ನನ್ನ ಪೆಟ್ಟಿಗೆಯಲ್ಲಿದೆ. ಮುಂಡರಗಿ, ಶಿರಹಟ್ಟಿಗಳಿಂದ ಬಂದು ನಮ್ಮ ವಸತಿಗೃಹದಲ್ಲಿ ಮೊದಲ ರಾತ್ರಿ ಅಳುವ ಬಾಲಿಕೆಯರಿಗೆ ಅದನ್ನು ಓದಿ ಹೇಳುತ್ತೇನೆ. ಪಾಲಕರೇ, ಮಗಳ ಕಣ್ಣೀರನ್ನು ಕೇಳಿದೊಡನೆ ಗಾಡಿ ಹತ್ತಬೇಡಿರಿ; ಒಂದು ಮಳೆಗಾಲ ಕಾಯಿರಿ.